ಪುಕ್ಕಟೆ ಸಂಸಾರ

ನಮ್ಮ ಕಡೆ ಕೂಸು ಹುಟ್ಟಿದಾಗ ಹೊಸ ಬಟ್ಟೆ ತೊಡಿಸುವುದಿಲ್ಲ. ಅಜ್ಜಿಯ ಹಳೇ ಹತ್ತಿ ಸೀರೆ ಹರಿದು, ಅದರಲ್ಲಿ ಸುತ್ತಿ ಮಲಗಿಸುತ್ತಾರೆ. ಹೊಸ ಬಟ್ಟೆಯ ಗಂಜಿ ಎಳೇ ಮೈಗೆ ಒರಟಾಗುತ್ತದೆ ಎಂಬುದು ಹಿರಿಯರು ಹೇಳುವ ಕಾರಣ. ಖರ್ಚಿಲ್ಲ ಎಂಬುದು ಹೇಳದೆ ಬಿಡುವ ಕಾರಣ. ಅಲ್ಲಿಂದಾಚೆ ನಾನು ಅಣ್ಣನ ಚಡ್ಡಿ, ಅಣ್ಣನ ಸ್ವೆಟರ್, ಅಣ್ಣನ ಪಠ್ಯಪುಸ್ತಕಗಳಲ್ಲೇ ಬೆಳೆದೆ. ಅವನು ಏಳನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದ ವರ್ಷ ಮಾತ್ರ ನನಗೆ ಹೊಸ ಪುಸ್ತಕ ಸಿಕ್ಕಿತು. ಹೊಸ ಪುಸ್ತಕದ ವಾಸನೆ ಬಂದರೆ ಇವತ್ತಿಗೂ ಅಣ್ಣನ ಅಳು ಕೇಳಿಸಿದಂತಾಗುತ್ತದೆ.

ಇಂಥ ಸಂಸ್ಕಾರದ ಮನುಷ್ಯನಿಗೆ 2023ರ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ವರ್ಗವಾಯಿತು. ಮಗಳ ಪಿಯುಸಿ ಮುಗಿಯುವ ತನಕ ಹೆಂಡತಿ ಊರಲ್ಲೇ ಇರುವುದು, ನಾನು ಒಂದು ಕೋಣೆ ಹಿಡಿದು ಇರುವುದು ಎಂದು ತೀರ್ಮಾನವಾಯಿತು. ಹೆಂಡತಿ ಹಾಳೆಯ ಮೇಲೆ ಮಂಚ, ಹಾಸಿಗೆ, ಬೀರು, ಪಾತ್ರೆ, ಬಕೆಟ್ಟು, ಆಫೀಸಿಗೆ ನಾಲ್ಕು ಶರ್ಟು ಎಂದು ಬರೆದು, ಕೆಳಗೆ ಗೀಟೆಳೆದು, "ನಲವತ್ತು ಸಾವಿರ ಆಗುತ್ತೆ ರೀ" ಎಂದಳು. ನಾನು ಒಂದು ಸೊನ್ನೆ ಹೊಡೆದು ಹಾಕಿ ಹಾಳೆ ವಾಪಸು ಕೊಟ್ಟೆ.

ನನ್ನ ಲೆಕ್ಕ ಸರಳವಾಗಿತ್ತು. ಕೋಟಿ ಮೀರಿದ ಜನ ಇರುವ ಊರು. ದಿನವೂ ಯಾರೋ ಮನೆ ಖಾಲಿ ಮಾಡುತ್ತಿರುತ್ತಾರೆ, ಯಾರೋ ಅಮೆರಿಕಕ್ಕೆ ಹೊರಟಿರುತ್ತಾರೆ, ಯಾರದೋ ಹೊಟ್ಟೆ ಬೆಳೆದು ಪ್ಯಾಂಟು ಬಿಗಿಯಾಗುತ್ತಿರುತ್ತದೆ. ಅದರಲ್ಲೊಂದು ಪಾಲು ನನ್ನ ಕಡೆ ಹರಿದು ಬಂದರೆ ಸಾಕು. ಹೆಂಡತಿ ಏನೂ ಹೇಳಲಿಲ್ಲ. ಆ ಹಾಳೆಯನ್ನು ಮಾತ್ರ ಜೋಪಾನವಾಗಿ ಮಡಚಿ ಒಳಗಿಟ್ಟುಕೊಂಡಳು.

ಮೊದಲ ಬೇಟೆ ಮಲ್ಲೇಶ್ವರದಲ್ಲಿ ಸಿಕ್ಕಿತು. ದೊಡ್ಡಮ್ಮನ ಕಡೆಯಿಂದ ಮಾವನಾಗಬೇಕಾದವರು, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಹಳೇ ಹೆಂಚಿನ ಮನೆಯನ್ನು ಅಪಾರ್ಟ್‌ಮೆಂಟ್ ಕಟ್ಟಲು ಬಿಲ್ಡರ್‌ಗೆ ಬಿಟ್ಟುಕೊಟ್ಟಿದ್ದರು. "ಮನೆ ತುಂಬ ಸಾಮಾನಿದೆ, ಬೇಕಾದ್ದು ತಗೊಂಡು ಹೋಗೋ ಮಾರಾಯ" ಎಂದು ಫೋನು ಮಾಡಿದರು. ನಾನು ಹೋಗುವಷ್ಟರಲ್ಲಿ ತೇಗದ ಮಂಚ, ಬೆತ್ತದ ಕುರ್ಚಿ, ತಾಮ್ರದ ಹಂಡೆ ಎಲ್ಲವೂ ನನಗಿಂತ ಹತ್ತಿರದ ನೆಂಟರ ಪಾಲಾಗಿದ್ದವು. ನನ್ನ ನೆಂಟಸ್ತಿಕೆಯ ಅಳತೆಗೆ ಉಳಿದದ್ದು ಒಂದು ಕಬ್ಬಿಣದ ಬೀರು. ಆಳಿಗಿಂತ ಎತ್ತರ, ಪಾಚಿ ಹಸಿರು ಬಣ್ಣ, ಒಂದು ಬಾಗಿಲಿಗೆ ಉದ್ದನೆಯ ಕನ್ನಡಿ. ಒಳಗೊಂದು ಲಾಕರ್; ಅದಕ್ಕೆ ಬೀಗ ಬಿದ್ದಿತ್ತು, ಬೀಗದಕೈ ಇರಲಿಲ್ಲ.

"ಇದು ನಿಮ್ಮತ್ತೆ ಬೀರು ಕಣೋ," ಎಂದರು ಮಾವ. ಅತ್ತೆ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. "ಪುಕ್ಕಟೆ ಕೊಡ್ತಿದೀನಿ. ಮಾರಬೇಡ. ಬಣ್ಣ ಹೊಡಿಸಬೇಡ. ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ."

ಪುಕ್ಕಟೆ ಎಂದ ಮೇಲೆ ಮುಂದಿನ ಮಾತು ನನ್ನ ಕಿವಿಗೆ ಬೀಳುವುದಿಲ್ಲ.

ಲಗೇಜ್ ಆಟೋದವನು ಬೀರು ನೋಡಿ, ನನ್ನನ್ನು ನೋಡಿ, ಮತ್ತೆ ಬೀರು ನೋಡಿ ಬಾಡಿಗೆ ಹೇಳಿದ. ಎತ್ತಲು ಬಂದ ನಾಲ್ವರು ಬೇರೆಯೇ ರೇಟು ಹೇಳಿದರು. ಮಲ್ಲೇಶ್ವರದಿಂದ ಹನುಮಂತನಗರದ ತನಕ ನಾನು ಹಿಂದೆ ಬೀರು ಹಿಡಿದು ನಿಂತೇ ಬಂದೆ. ಸಿಗ್ನಲ್ ಬಿದ್ದಲ್ಲೆಲ್ಲ ಪಕ್ಕದ ಬೈಕಿನವರು ಅದರ ಕನ್ನಡಿಯಲ್ಲಿ ಮೀಸೆ ತೀಡಿಕೊಂಡರು. ನನ್ನ ಕೋಣೆ ಇದ್ದದ್ದು ಎರಡನೇ ಮಹಡಿಯಲ್ಲಿ. ಹೊರಗಡೆ ಸುರುಳಿ ಸುತ್ತುವ ಕಬ್ಬಿಣದ ಮೆಟ್ಟಿಲು. ಬೀರು ಮೊದಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೂ ಹೋಗದು, ಕೆಳಗೂ ಬಾರದು. ಅಂಗಡಿಯಿಂದ ಮನೆಗೆ ಬರುತ್ತಿದ್ದ ಮೊದಲ ಮಹಡಿಯ ಸಂಸಾರವೊಂದು ಮುಕ್ಕಾಲು ಗಂಟೆ ಬೀದಿಯಲ್ಲೇ ನಿಂತಿತು.

"ಬಿಚ್ಚಿ ಜೋಡಿಸೋಕೆ ಆಗಲ್ವಾ?" ಎಂದು ಕೇಳಿದೆ.

"ಈಗಿನ ಬೀರಾದ್ರೆ ಬಿಚ್ಚಬಹುದು ಸಾರ್. ಇದು ಅಣ್ಣಾವ್ರ ಕಾಲದ್ದು. ಬೆಸುಗೆ," ಎಂದ ಅವರಲ್ಲೊಬ್ಬ, ಹೆಮ್ಮೆಯಿಂದ, ಬೆಸುಗೆ ಹಾಕಿದ್ದು ತಾನೇ ಎಂಬಂತೆ. ಲಾಕರ್ ಒಳಗೆ ಏನೋ ಸರಿದಾಡಿದ ಸದ್ದು ನಮಗೆಲ್ಲ ಕೇಳಿಸಿತು. ನಾಲ್ವರೂ ನನ್ನ ಮುಖ ನೋಡಿ ಕೂಲಿಯನ್ನು ಇನ್ನೂರು ಏರಿಸಿದರು.

ಕೊನೆಗೆ ಬೀರು ಕೆಳಗಿಳಿದು, ಮೆಟ್ಟಿಲ ಬುಡದಲ್ಲಿ, ಓನರಮ್ಮನ ಸ್ಕೂಟರಿನ ಪಕ್ಕ ನಿಂತಿತು. ನನ್ನ ನಾಲ್ಕು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ದಿನವೇ, ಅದೂ ಪುಕ್ಕಟೆ ಸಾಮಾನಿಗೆ ಮುಗಿಯಿತು. "ಎರಡು ದಿನ ಇರಲಿ ಬಿಡಿ" ಎಂದರು ಓನರಮ್ಮ. ಮೂರನೇ ದಿನ ಅದರೊಳಗೆ ಫಿನಾಯಿಲ್ ಬಾಟಲಿ ಕಂಡಿತು, ಆಮೇಲೆ ಪೊರಕೆಗಳು, ಆಮೇಲೆ ಗಣೇಶನ ಮಂಟಪದ ಜರತಾರಿ ಸಾಮಾನು. ಇಡೀ ಬಿಲ್ಡಿಂಗಿನವರು ಕೆಲಸಕ್ಕೆ ಹೊರಡುವ ಮುನ್ನ ಅದರ ಮುಂದೆ ನಿಂತು ತಲೆ ಬಾಚಿಕೊಳ್ಳತೊಡಗಿದರು. ನನ್ನ ಬಟ್ಟೆಗಳು ಮೇಲೆ, ಗೋಡೆಯ ಮೊಳೆಗಳ ಮೇಲೆ ನೇತಾಡುತ್ತಿದ್ದವು.

ನೆಂಟರನ್ನು ನಂಬಿದ್ದು ಸಾಕು, ಇನ್ನು ಬಜಾರು ಎಂದು ನಿಶ್ಚಯಿಸಿದೆ. ಬೆಂಗಳೂರಿನ ಸಂಡೇ ಬಜಾರಿಗೆ ಹೋಗುವವರು ಕತ್ತಲಿರುವಾಗಲೇ ಹೋಗಬೇಕು. ಚಿಕ್ಕಪೇಟೆಯ ಮಗ್ಗುಲಲ್ಲಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಎಸ್.ಜೆ.ಪಿ. ರಸ್ತೆಯ ಆಸುಪಾಸಿನಲ್ಲಿ ವಾರವೆಲ್ಲ ವೈರು, ಮೋಟರು, ಹಾರ್ಡ್‌ವೇರ್ ವ್ಯಾಪಾರ. ಭಾನುವಾರ ಆ ಅಂಗಡಿಗಳ ಷಟರ್ ಇಳಿದಾಗ, ಅವುಗಳ ಮುಂದೆ ಟಾರ್ಪಾಲು ಹಾಸಿ ಬೇರೆಯೇ ಒಂದು ಊರು ಬಂದು ಕೂರುತ್ತದೆ. ಹಳೇ ಷೂ, ಚಾರ್ಜರು, ಡ್ರಿಲ್ಲಿಂಗ್ ಮೆಷಿನ್ನು, ಓಡದ ಗಡಿಯಾರ, ಪಾತ್ರೆ, ಪ್ಯಾಂಟು. ಮಧ್ಯಾಹ್ನದ ಹೊತ್ತಿಗೆ ಗಂಟು ಕಟ್ಟಿ ಮಾಯ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಕಸುಬಿಗೊಂದು ಬೀದಿ: ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೇಪೇಟೆ, ಬಳೆಗೆ ಬಳೇಪೇಟೆ. ಹಳೇ ಸಾಮಾನಿಗೆಂದು ಬೀದಿ ಬಿಡಲಿಲ್ಲವಾದ್ದರಿಂದ ಅದು ವಾರಕ್ಕೊಮ್ಮೆ ಎಲ್ಲರ ಬೀದಿಯನ್ನೂ ಆಕ್ರಮಿಸುತ್ತದೆ. ಚೋರ್ ಬಜಾರ್ ಎಂದು ಕೆಲವರು ಕರೆಯುವುದುಂಟು. ಅಲ್ಲಿ ನಾನು ಕಂಡ ಮಾಲಿನಲ್ಲಿ ಬಹುಪಾಲು ಯಾವ ಕಳ್ಳನೂ ಮುಟ್ಟಲು ಒಪ್ಪದಂಥದ್ದು.

ಅಂಥ ಕಡೆ ಒಳ್ಳೇ ಬಟ್ಟೆ ಹಾಕಿಕೊಂಡು ಹೋಗಬಾರದು, ರೇಟು ಏರಿಸುತ್ತಾರೆ ಎಂದು ಆಫೀಸಿನಲ್ಲಿ ಬಲ್ಲವರು ಹೇಳಿದ್ದರು. ನಾನು ಇದ್ದುದರಲ್ಲೇ ಹಳೆಯ ಶರ್ಟು, ಮೊಣಕಾಲು ಸವೆದ ಪ್ಯಾಂಟು ಹಾಕಿಕೊಂಡು, ಟಾರ್ಚು ಹಿಡಿದು ಹೋದೆ. ಬಟ್ಟೆಯ ರಾಶಿ ಮುಂದೆ ನಿಂತಾಗ ವ್ಯಾಪಾರಿ ನನ್ನ ಕಾಲರನ್ನು ಬೆರಳಿನಿಂದ ಉಜ್ಜಿ ನೋಡಿ, "ಅಣ್ಣ, ಇದಕ್ಕೆ ಮೂವತ್ತಕ್ಕಿಂತ ಮೇಲೆ ಬರಲ್ಲ" ಎಂದ.

ನಾನು ಕೊಳ್ಳಲು ಬಂದವನು ಎಂದು ಅವನಿಗೆ ಮನವರಿಕೆ ಮಾಡಿಕೊಡುವುದೇ ಚೌಕಾಸಿಯ ಮೊದಲ ಸುತ್ತಾಯಿತು. ಆ ಅವಮಾನವನ್ನು ತೊಳೆದುಕೊಳ್ಳಲು ಏನಾದರೂ ಘನವಾದದ್ದು ಕೊಳ್ಳಲೇಬೇಕಿತ್ತು. ಕಂಡದ್ದು ಒಂದು ಓವರ್‌ಕೋಟು. ಮೊಣಕಾಲಿನ ಕೆಳಗೆ ಇಳಿಯುವ, ಅಪ್ಪಟ ಉಣ್ಣೆಯ, ಹಿಮ ಬೀಳುವ ಯಾವುದೋ ದೇಶದಲ್ಲಿ ಯಾರೋ ದೊಡ್ಡ ಮನುಷ್ಯ ತೊಟ್ಟು ಬಿಟ್ಟಿದ್ದು. ಹೀಗೆ ಹೊರದೇಶಗಳಿಂದ ಬರುವ ಹಳೇ ಉಣ್ಣೆ ಬಟ್ಟೆಯ ದೊಡ್ಡ ಪಾಲು ಹರಿಯಾಣದ ಪಾಣಿಪತ್ ಸೇರುತ್ತದೆ. ಅಲ್ಲಿ ಅದನ್ನು ಚೂರುಚೂರು ಮಾಡಿ, ಮತ್ತೆ ನೂಲಾಗಿಸಿ, ಅಗ್ಗದ ಕಂಬಳಿ ನೇಯುತ್ತಾರೆ. ಪ್ರವಾಹ, ಭೂಕಂಪ ಆದಾಗ ಪರಿಹಾರವೆಂದು ಹಂಚುವ ಕಂಬಳಿಗಳಲ್ಲಿ ಎಷ್ಟೋ ಆ ಊರಿನವು. ಈ ಕೋಟು ಹೇಗೋ ಆ ಯಂತ್ರದ ಬಾಯಿ ತಪ್ಪಿಸಿಕೊಂಡು ದಕ್ಷಿಣಕ್ಕೆ ಓಡಿ ಬಂದಿತ್ತು. ಮುನ್ನೂರು ಹೇಳಿದವನನ್ನು ನೂರೈವತ್ತಕ್ಕೆ ಇಳಿಸಿದೆ. ಅಷ್ಟು ಸುಲಭವಾಗಿ ಇಳಿದದ್ದು ಏಕೆ ಎಂದು ಬಿಸಿಲೇರಿದ ಮೇಲೆ, ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ನಿಂತಾಗ ತಿಳಿಯಿತು. ಹತ್ತಿರ ಯಾರೂ ನಿಲ್ಲಲಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಅಷ್ಟು ಗಾಳಿ ಸಿಕ್ಕಿದ್ದು ಅದೇ ಮೊದಲು.

ಕೋಟು ಹಾಸಿಗೆಯಾಯಿತು. ಗುಂಡಿಗಳು ಬೆನ್ನಿಗೆ ಒತ್ತುತ್ತಿದ್ದವು, ಆದರೆ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಮಲಗುವ ಅನುಕೂಲ ಯಾವ ಹಾಸಿಗೆಯಲ್ಲೂ ಇಲ್ಲ. ವಿಷಯ ತಿಳಿದ ರಾಣೆಬೆನ್ನೂರಿನ ಅತ್ತಿಗೆ, ಹೆಂಡತಿಯ ಅಕ್ಕ, ಬಸ್ಸಿನಲ್ಲಿ ಒಂದು ಕೌದಿ ಕಳಿಸಿದರು. ಅವರ ಮನೆಯ ಹಳೇ ಸೀರೆ, ಲಂಗ, ಪಂಚೆಗಳನ್ನೆಲ್ಲ ಪದರಪದರ ಹಾಕಿ ಸಣ್ಣ ಹೊಲಿಗೆಯಲ್ಲಿ ಹೊಲಿದದ್ದು. ಈ ಇಡೀ ಕಥೆಯಲ್ಲಿ ಖರ್ಚಿಲ್ಲದೆ ಬಂದು, ತೊಂದರೆ ಕೊಡದೆ, ಉಪಯೋಗಕ್ಕೂ ಬಿದ್ದ ವಸ್ತು ಅದೊಂದೇ. ಅದರಲ್ಲಿ ನನ್ನ ಸಾಹಸ ಏನೂ ಇಲ್ಲದಿರುವುದರಿಂದ ಹೆಚ್ಚು ಹೇಳುವುದಿಲ್ಲ.

ಅದೇ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳನ್ನೂ ಕೊಂಡೆ, ತೂಕದ ಲೆಕ್ಕದಲ್ಲಿ. ನಮ್ಮವರಿಗೆ ಪಾತ್ರೆಯ ಮೇಲೆ ಹೆಸರು ಕೊರೆಸುವ ಚಟ ಎಷ್ಟಿದೆಯೆಂಬುದು ಮನೆಗೆ ಬಂದು ತೊಳೆಯುವಾಗ ಗೊತ್ತಾಯಿತು. ಒಂದು ತಟ್ಟೆಯ ಅಂಚಿನಲ್ಲಿ ಯಾರದೋ ಗೃಹಪ್ರವೇಶದ ಸವಿನೆನಪು. ಚೊಂಬಿನ ಕುತ್ತಿಗೆಯಲ್ಲಿ ಯಾರದೋ ವೈಕುಂಠ ಸಮಾರಾಧನೆ. ಸಾರು ಮಾಡುವ ಡಬರಿ ಯಾವುದೋ ಭಜನಾ ಮಂಡಳಿಯ ಸ್ವತ್ತು, 'ಹೊರಗೆ ಕೊಡತಕ್ಕದ್ದಲ್ಲ' ಎಂಬ ಎಚ್ಚರಿಕೆಯ ಸಮೇತ. ಮತ್ತೆ ಒಂದೇ ಜೋಡಿಯ ಆರು ಲೋಟ, ಈಗ ಸಿಗದ ದಪ್ಪ ಸ್ಟೀಲು, ಎಲ್ಲದರ ಮೇಲೂ ದುಂಡನೆಯ ಅಕ್ಷರದಲ್ಲಿ 'ಎಂ.ಎಸ್.ಎಲ್.' ದಿನವೂ ಬೆಳಗ್ಗೆ ಎಂ.ಎಸ್.ಎಲ್. ಅವರ ಲೋಟದಲ್ಲಿ ಕಾಫಿ ಕುಡಿಯುತ್ತ, ಇವರು ಯಾರಿರಬಹುದು, ಆರೂ ಲೋಟ ಒಟ್ಟಿಗೆ ಮನೆ ಬಿಟ್ಟದ್ದು ಯಾಕಿರಬಹುದು ಎಂದು ಯೋಚಿಸುವುದು ನನಗೆ ಪೇಪರ್ ಓದುವುದಕ್ಕಿಂತ ಹಿತವಾಗಿತ್ತು.

ಶರ್ಟಿನ ಪ್ರಕರಣ ಚಿಕ್ಕದು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಹೊರದೇಶಕ್ಕೆಂದು ಹೊಲಿದು, ಆರ್ಡರಿಗಿಂತ ಹೆಚ್ಚಾಗಿಯೋ ಪರೀಕ್ಷೆಯಲ್ಲಿ ಫೇಲಾಗಿಯೋ ಉಳಿದ ಮಾಲು ಬೀದಿಗೆ ಬರುತ್ತದೆ. ಕಂಪನಿಯ ಲೇಬಲ್ಲನ್ನು ಅರ್ಧಕ್ಕೆ ಕತ್ತರಿಸಿರುತ್ತಾರೆ. ಇಂಥ ಶರ್ಟು ಕೊಳ್ಳುವುದರಲ್ಲಿ ಒಂದು ಪತ್ತೇದಾರಿ ಸುಖವಿದೆ: ಇದು ಯಾಕೆ ಫೇಲಾಯಿತು? ನಾನು ಕೊಂಡ ತಿಳಿನೀಲಿ ಶರ್ಟಿನಲ್ಲಿ ದೀಪದ ಕೆಳಗೆ ಹಿಡಿದು ಹುಡುಕಿದರೂ ಒಂದು ದೋಷ ಸಿಗಲಿಲ್ಲ. ಹೊಲಿಗೆ ನೇರ, ಬಟ್ಟೆ ಮೃದು, ಕಾಲರು ಗಟ್ಟಿ. ಅಮೆರಿಕದವರ ಮೂರ್ಖತನವನ್ನು ಮೆಚ್ಚಿಕೊಂಡು ಆಫೀಸಿಗೆ ಹಾಕಿಕೊಂಡು ಹೋದೆ. ಗುಂಡಿ ಹಾಕುವಾಗ ಬೆರಳು ತಡವರಿಸುತ್ತಿತ್ತು, ವಯಸ್ಸಿನದು ಎಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ ಎದುರಿನ ಟೇಬಲಿನ ಮೇಡಂ ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, "ಸಾರ್, ನಿಮ್ಮ ಗುಂಡಿ ಎಡಗಡೆ ಇದೆ" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಇನ್ನೂ ದನಿ ತಗ್ಗಿಸಿ, "ಲೇಡೀಸ್ ಶರ್ಟು" ಎಂದರು. ಶರ್ಟು ಫೇಲಾಗಿಯೇ ಇರಲಿಲ್ಲ. ಪಾಸಾಗಿತ್ತು. ಫೇಲಾಗಿದ್ದುದು ನಾನು.

ಅದೇ ಹೊತ್ತಿಗೆ, 2023ರ ಮೇ ತಿಂಗಳಲ್ಲಿ, ದೇಶದ ನಗರಗಳಲ್ಲೆಲ್ಲ ಆರ್‌ಆರ್‌ಆರ್ ಕೇಂದ್ರ ಎಂದು ತೆರೆದರು. ಸಿನಿಮಾದ ಹೆಸರಲ್ಲ, ಸ್ವಚ್ಛ ಭಾರತದವರ ಅಭಿಯಾನ. ಬೇಡವಾದ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ ತಂದು ಕೊಡಿ, ಬೇಕಾದವರು ಒಯ್ಯಲಿ ಎಂಬ ಏರ್ಪಾಡು. ವಿಶ್ವ ಪರಿಸರ ದಿನವಾದ ಜೂನ್ 5ರ ತನಕ ಅದರ ಗದ್ದಲ ಜೋರಾಗಿತ್ತು. ಇರಾನಿನ ಮಶ್ಹದ್ ಊರಿನಲ್ಲಿ 2015ರಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆದು, ಬೇಡದವರು ಬಿಟ್ಟುಹೋಗಿ, ಬೇಕಾದವರು ತೆಗೆದುಕೊಂಡು ಹೋಗಿ ಎಂದು ಬರೆದದ್ದು ಊರೂರು ಹಬ್ಬಿ, ನಮ್ಮಲ್ಲೂ ಅಲ್ಲಲ್ಲಿ ಕರುಣೆಯ ಗೋಡೆಗಳು ಎದ್ದವಲ್ಲ, ಇದು ಅದರ ಸರ್ಕಾರಿ ತಮ್ಮ.

ಕೇಂದ್ರದೊಳಗೆ ಕಾಲಿಟ್ಟೆ. ಮೇಜಿನ ಹಿಂದಿನ ಹುಡುಗ ಎದ್ದು ನಿಂತು, "ಬನ್ನಿ ಸಾರ್, ಏನು ಕೊಡೋಕೆ ತಂದಿದೀರಾ?" ಎಂದ.

ತಗೊಳ್ಳೋಕೆ ಬಂದಿದೀನಿ ಎಂಬ ಎರಡು ಪದ ನನ್ನ ಗಂಟಲಿನಿಂದ ಮೇಲೆ ಬರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟು, ಕುತ್ತಿಗೆಯಲ್ಲಿ ಆಫೀಸಿನ ಐಡಿ ಕಾರ್ಡು. ಸುಮ್ಮನೆ ನಿಂತೆ. ಪಕ್ಕದಲ್ಲಿ ಗಾರ್ಮೆಂಟ್ ಕೆಲಸ ಮುಗಿಸಿ ಬಂದಿದ್ದ ಹೆಣ್ಣುಮಗಳೊಬ್ಬಳು ಮಗಳಿಗೆಂದು ಸ್ಕೂಲ್ ಬ್ಯಾಗು ಆರಿಸುತ್ತಿದ್ದಳು. ಪ್ರತಿ ಬ್ಯಾಗಿನ ಜಿಪ್ಪನ್ನೂ ಎಳೆದು ನೋಡಿ, ಪಟ್ಟಿಯ ಹೊಲಿಗೆ ಜಗ್ಗಿ ನೋಡಿ, ಎರಡನ್ನು ಬದಿಗಿಟ್ಟು ಮೂರನೆಯದನ್ನು ಎತ್ತಿಕೊಂಡಳು. ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವಾಗಲೂ ನಾನು ಅಷ್ಟು ಧೈರ್ಯವಾಗಿ ಆರಿಸಿದ್ದಿಲ್ಲ. ನನ್ನ ಕಣ್ಣು ಒಂದು ಮಿಕ್ಸಿ ಜಾರಿನ ಮೇಲೆ ಇದ್ದುದನ್ನು ಆಕೆ ಗಮನಿಸಿರಬೇಕು. "ತಗೊಳ್ಳಿ ಸಾರ್, ಒಳಗಿನ ರಬ್ಬರ್ ಹೋಗಿದೆ ಅಷ್ಟೆ, ಹಾಕ್ಸಿದ್ರೆ ಆಯ್ತು" ಎಂದಳು.

"ಇಲ್ಲಮ್ಮ, ನಾನು ಕೊಡೋಕೆ ಬಂದಿದ್ದು" ಎಂದೆ. ಹುಡುಗ ಕೈ ಚಾಚಿದ. ಕೊಡಲು ಕೈಯಲ್ಲಿದ್ದದ್ದು ಊರಿಂದ ತಂದ ಛತ್ರಿ ಮಾತ್ರ. ಕೊಟ್ಟೆ. ಅವನು ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡು, ಚಪ್ಪಾಳೆ ತಟ್ಟಿ, ಒಂದು ಫೋಟೋ ತೆಗೆದ. ಹೊರಗೆ ಬಂದರೆ ಮುಂಗಾರಿಗೂ ಮೊದಲಿನ ಆ ಬೆಂಗಳೂರು ಮಳೆ.

ಗೂಂಜ್ ಎಂಬ ಸಂಸ್ಥೆಯನ್ನು 1999ರಲ್ಲಿ ಕಟ್ಟಿ, 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅಂಶು ಗುಪ್ತಾ ಇದೇ ಸಂಕೋಚದ ಮೇಲೆ ಕೆಲಸ ಮಾಡಿದವರು. ಅವರ ಪದ್ಧತಿಯಲ್ಲಿ ಹಳ್ಳಿಯ ಜನ ತಮ್ಮೂರಿಗೆ ಬೇಕಾದ ಬಾವಿಯನ್ನೋ ರಸ್ತೆಯನ್ನೋ ತಾವೇ ಸರಿಪಡಿಸಿಕೊಳ್ಳುತ್ತಾರೆ; ಅದರ ಪ್ರತಿಫಲವಾಗಿ ಬಟ್ಟೆಬರೆ ಪಡೆಯುತ್ತಾರೆ. ಯಾರೂ ಯಾರ ಮುಂದೆಯೂ ಕೈಯೊಡ್ಡಿದಂತಾಗುವುದಿಲ್ಲ. ನನಗೂ ಆ ಹುಡುಗ ಒಂದು ಹಾರೆ ಕೊಟ್ಟು ಗುಂಡಿ ತೋಡಿ ಎಂದಿದ್ದರೆ ಮಿಕ್ಸಿ ಜಾರ್ 'ನನ್ನದು' ಎಂದು ಎತ್ತಿಕೊಂಡು ಬರುತ್ತಿದ್ದೆ.

ಛತ್ರಿ ಹೋಯಿತು, ಜಾರ್ ಬರಲಿಲ್ಲ. ಕೋಣೆಯಲ್ಲಿ ಓವರ್‌ಕೋಟು, ಲೇಡೀಸ್ ಶರ್ಟು, ಬಜಾರಿನಿಂದ ತಂದು ಸೊಂಟಕ್ಕೆ ಏರದ ಒಂದು ಪ್ಯಾಂಟು ಬಿದ್ದಿದ್ದವು. ಒಂದು ಬೆಳಗ್ಗೆ ಬೀದಿಯಲ್ಲಿ, "ಹಳೇ ಬಟ್ಟೆಗೆ ಸ್ಟೀಲ್ ಪಾತ್ರೇ..." ಎಂಬ ಕೂಗು ಕೇಳಿಸಿತು. ಓಡಿ ಇಳಿದೆ. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬೆನ್ನಿಗೆ ಬಟ್ಟೆಯ ಗಂಟು ಹೊತ್ತ ಹೆಂಗಸು ಓನರಮ್ಮನ ಮೆಟ್ಟಿಲ ಮೇಲೆ ಕೂತಿದ್ದಳು. ಓನರಮ್ಮ ಆಗಲೇ ಒಂದು ಹಳೇ ರೇಷ್ಮೆ ಸೀರೆ ತಂದು ತೊಡೆಯ ಮೇಲಿಟ್ಟುಕೊಂಡಿದ್ದರು. ಪಾತ್ರೆಯವಳು ಬೇರೇನನ್ನೂ ನೋಡದೆ ನೇರ ಸೆರಗಿನ ಜರಿಯನ್ನು ಉಗುರಿನಿಂದ ಕೆರೆದು ನೋಡಿ, ಮುಖದಲ್ಲಿ ಏನೂ ತೋರಗೊಡದೆ, ಒಂದು ಇಡ್ಲಿ ಪಾತ್ರೆ ಮುಂದೆ ಸರಿಸಿದಳು.

ಓನರಮ್ಮ ಸೀರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ಇದು ಕೆಎಸ್‌ಐಸಿ ಮೈಸೂರು ಸಿಲ್ಕು ಕಣಮ್ಮ. ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ. ಮೇಲೆ 0.65 ಚಿನ್ನ. ನನ್ನ ಹತ್ರ ಇಡ್ಲಿ ಬೇಯಿಸ್ತೀಯಾ?"

ಪಾತ್ರೆಯವಳು ನಕ್ಕು ಇಡ್ಲಿ ಪಾತ್ರೆ ವಾಪಸು ಎಳೆದುಕೊಂಡಳು. ಇಬ್ಬರು ಪೈಲ್ವಾನರು ಕೈ ಕುಲುಕಿದ ಹಾಗಿತ್ತು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಇದ್ಯಾರು ಇಕ್ಕತಾರಣ್ಣ ಈ ಊರಾಗೆ?" ಎಂದು ಕೋಟನ್ನು ಮುಟ್ಟದೇ ಬದಿಗೆ ಸರಿಸಿದಳು. ಶರ್ಟು ಪರವಾಗಿಲ್ಲ ಎಂದಳು. ಪ್ಯಾಂಟನ್ನು ಕೈಗೆತ್ತಿಕೊಂಡು, ಒಳಗಡೆ ಮಗುಚಿ, ಜಿಪ್ಪಿನ ಹತ್ತಿರದ ಕೆಂಪು ದಾರದ ಹೊಲಿಗೆ ನೋಡಿದ್ದೇ ಜೋರಾಗಿ ನಗತೊಡಗಿದಳು.

"ಇದು ನಮ್ಮದೇ ಮಾಲು! ನಮ್ಮ ನಾದಿನಿ ಕೈ ಹೊಲಿಗೆ. ನೀಲಿ ದಾರ ಖಾಲಿ ಆಗಿತ್ತು, ಕೆಂಪು ಹಾಕವ್ಳೆ. ಸಂಡೇ ಬಜಾರಾಗೆ ತಗಂಡ್ರಾ? ಎಷ್ಟಕ್ಕೆ?"

ನೂರಿಪ್ಪತ್ತು ಎಂದೆ. ಅವಳ ನಗು ನಿಂತಿತು. ಅಲ್ಲಿ ಕೂತು ಮಾರುವವನಿಗೆ ಅವರು ಅದನ್ನು ನಲವತ್ತಕ್ಕೆ ಕೊಟ್ಟಿದ್ದರಂತೆ. ನನಗಾದ ನಷ್ಟಕ್ಕಿಂತ ತನಗಾದ ನಷ್ಟವೇ ಅವಳಿಗೆ ಹೆಚ್ಚು ಬೇಸರ ತಂದಿತು. ಆಗ ಕೂತು ವಿವರಿಸಿದಳು: ಮನೆಮನೆಯಿಂದ ಬಂದ ಬಟ್ಟೆಯನ್ನು ಸಂಜೆ ವಿಂಗಡಿಸುತ್ತಾರೆ. ಗಂಡಸರ ಪ್ಯಾಂಟಿಗೆ, ಅದರಲ್ಲೂ ಜೀನ್ಸಿಗೆ ಒಳ್ಳೇ ಬೆಲೆ. ಒಗೆದು, ಗುಂಡಿ-ಜಿಪ್ಪು ಸರಿಮಾಡಿ, ಇಸ್ತ್ರಿ ಹಾಕಿದರೆ ಕಟ್ಟಡ ಕೆಲಸದವರು ಕೊಳ್ಳುತ್ತಾರೆ. ತೀರಾ ಹರಿದ ಹತ್ತಿ ಬಟ್ಟೆ ಗ್ಯಾರೇಜಿಗೆ, ಕೈ ಒರೆಸಲು. ಸಿಂಥೆಟಿಕ್ ಸೀರೆ ಕೇಳುವವರೇ ಇಲ್ಲ, ಅದನ್ನು ತಂದ ಅಮ್ಮಂದಿರ ಜೊತೆಯಲ್ಲೇ ಜಗಳ ಹೆಚ್ಚು. ಆಫೀಸಿನಲ್ಲಿ ಸ್ಟಾಕು, ಲೆಡ್ಜರು ಎಂದು ಇಪ್ಪತ್ತು ವರ್ಷ ಕಳೆದ ನನಗೆ ಅಷ್ಟು ಸ್ಪಷ್ಟವಾದ ದಾಸ್ತಾನು ಲೆಕ್ಕ ಯಾರೂ ಹೇಳಿರಲಿಲ್ಲ. ಶರ್ಟು, ಪ್ಯಾಂಟು ಎರಡಕ್ಕೂ ಸೇರಿ ಅವಳು ಕೊಟ್ಟದ್ದು ಒಂದು ಸಕ್ಕರೆ ಡಬ್ಬಿ. ಮುಚ್ಚಳ ಸ್ವಲ್ಪ ಬಿಗಿ. ತೆಗೆಯಲು ಸ್ಕ್ರೂಡ್ರೈವರ್ ಬೇಕು. ಅದನ್ನು ಮಾತ್ರ ನಾನು ಹೊಸದಾಗಿ ಕೊಂಡೆ.

ಆಷಾಢದಲ್ಲಿ ಹೆಂಡತಿ ಬಂದಳು. ಅವಳು ಬಂದ ಮರುದಿನವೇ ಮಾವನ ಫೋನು: "ಬೀರು ನೋಡೋಕೆ ಬರ್ತಿದೀನಿ. ಲಾಕರ್ ಒಳಗೆ ನಿಮ್ಮತ್ತೆದು ಏನೋ ಇರಬೇಕು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ಕಣೋ." ಲಾಕರ್ ಎಂಬ ಮಾತು ಹೇಗೆ ಹಬ್ಬಿತೋ, ತೇಗದ ಮಂಚದವರು, ಬೆತ್ತದ ಕುರ್ಚಿಯವರು, ತಾಮ್ರದ ಹಂಡೆಯವರು ಎಲ್ಲರೂ ಮಾವನ ಜೊತೆ ಬಂದಿಳಿದರು. ಪಾರ್ಕಿಂಗಿನಲ್ಲಿ ಬೀರಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆವು. ಮಾವ ಬೀರಿನ ಬಾಗಿಲು ತೆಗೆದರು. ಪೊರಕೆ ಮೂರು ಅವರ ಕಾಲ ಮೇಲೆ ಬಿದ್ದವು.

"ನಿಮ್ಮತ್ತೆ ರೇಷ್ಮೆ ಸೀರೆ ಇಡ್ತಿದ್ದ ಬೀರು," ಎಂದರು. ನಾನು ಓನರಮ್ಮನ ಕಡೆ ನೋಡಿದೆ. ಅವರು ಆಕಾಶದ ಕಡೆ ನೋಡಿದರು.

ಬೀಗದಕೈ ಮಾಡುವವನು ಬಂದು ಕೂತು ಅರ ಉಜ್ಜತೊಡಗಿದ. ಹೆಂಡತಿ ಎಲ್ಲರಿಗೂ ಕಾಫಿ ತಂದಳು, ಆ ಆರು ಲೋಟದಲ್ಲಿ. ಹಂಡೆಯವರು ಕಾಫಿ ಕುಡಿಯುವ ಮೊದಲು ಲೋಟ ತಿರುಗಿಸಿ ಓದುವ ಜಾತಿ. "ಎಂ.ಎಸ್.ಎಲ್. ಅಂದ್ರೆ ಯಾರಪ್ಪ?" ಎಂದರು. ಮಂಚದವರು ತಮ್ಮ ಲೋಟ ನೋಡಿಕೊಂಡರು. ಕುರ್ಚಿಯವರು ತಮ್ಮದು ನೋಡಿಕೊಂಡು, "ಎಲ್ ಅಂದ್ರೆ ಲಲಿತಾನೋ ಲೀಲಾನೋ ಇರಬೇಕು" ಎಂದು ಸಹಾಯ ಮಾಡಿದರು. ಒಬ್ಬನೇ ಇರುವ ಗಂಡಸಿನ ಕೋಣೆಯಲ್ಲಿ ಹೆಂಗಸಿನ ಹೆಸರಿನ ಆರು ಲೋಟ. ಅರ ಉಜ್ಜುವ ಸದ್ದು ಕೂಡ ನಿಂತಿತು.

"ನಮ್ಮ ಚಿಕ್ಕಮ್ಮನ ಇನಿಷಿಯಲ್ಲು," ಎಂದಳು ಹೆಂಡತಿ, ಕಣ್ಣು ಮಿಟುಕಿಸದೆ. "ಮದುವೇಲಿ ಕೊಟ್ಟಿದ್ದು." ಎಲ್ಲರೂ ನಿರಾಶರಾಗಿ ಕಾಫಿ ಕುಡಿದರು. ಖಾಲಿ ಲೋಟ ಎತ್ತಿಕೊಂಡು ನನ್ನ ಪಕ್ಕ ಹಾಯುವಾಗ ಮೆಲ್ಲಗೆ, "ಈಗ ನನಗೆ ಹೇಳಿ, ಯಾರು?" ಎಂದಳು. ತೂಕದ ಲೆಕ್ಕದಲ್ಲಿ ಕೊಂಡದ್ದು ಎಂದೆ. ನಂಬಿದಳೋ ಇಲ್ಲವೋ, ಶಿವಮೊಗ್ಗಕ್ಕೆ ಹೋಗುವಾಗ ಆರೂ ಲೋಟ ಅವಳ ಬ್ಯಾಗಿನಲ್ಲಿದ್ದವು. ಅಷ್ಟು ದಪ್ಪ ಸ್ಟೀಲು ಈಗ ಸಿಗಲ್ಲ ಎಂಬುದು ಅವಳು ಕೊಟ್ಟ ಕಾರಣ.

ಲಾಕರ್ ತೆರೆಯಿತು. ಒಳಗೆ ನುಸಿಗುಳಿಗೆ, ಹಳೇ ಕರೆಂಟ್ ಬಿಲ್ಲುಗಳ ಕಟ್ಟು, ಒಂದು ಖಾಲಿ ಕುಂಕುಮದ ಭರಣಿ. ಮೆಟ್ಟಿಲ ಮೇಲೆ ಸದ್ದು ಮಾಡಿದ್ದು ಅದೇ. ಬಿಲ್ಲಿನ ಕಟ್ಟಿನೊಳಗೆ ಒಂದು ಕರವಸ್ತ್ರದ ಗಂಟು. ಗಂಟಿನಲ್ಲಿ ಐನೂರರ ನೋಟುಗಳು, ಹನ್ನೊಂದು. 2016ರ ನವೆಂಬರ್ 8ರ ರಾತ್ರಿ ಸತ್ತುಹೋದ ಐನೂರರ ನೋಟುಗಳು.

"ಐದೂವರೆ ಸಾವಿರ," ಎಂದರು ಮಾವ. "ನನಗೆ ಗೊತ್ತಿಲ್ದಂಗೆ." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೊಳಗಿನ ಶಿರಸ್ತೇದಾರರು ಎದ್ದರು. "ಇದು ಇಟ್ಕೊಳ್ಳೋ ಹಾಗಿಲ್ಲ. 2017ರ ಕಾಯ್ದೆ ಪ್ರಕಾರ ಹಳೇ ನೋಟು ಹತ್ತಕ್ಕಿಂತ ಹೆಚ್ಚು ಇಟ್ಕೊಂಡರೆ ಅಪರಾಧ. ಸಂಶೋಧನೆ ಮಾಡೋರು, ನಾಣ್ಯ ಕೂಡಿಡೋರು ಇಪ್ಪತ್ತೈದರ ತನಕ ಇಡಬಹುದು. ಇಲ್ಲಿ ಯಾರು ಸಂಶೋಧಕರು?"

ಯಾರೂ ಕೈಯೆತ್ತಲಿಲ್ಲ.

"ದಂಡ ಹತ್ತು ಸಾವಿರ, ಇಲ್ಲಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಅಂದ್ರೆ ಇಪ್ಪತ್ತೇಳು ಸಾವಿರದ ಐನೂರು. ಬೀರು ಯಾರದು?"

ಮಂಚ, ಕುರ್ಚಿ, ಹಂಡೆ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಅಷ್ಟು ದಿನ ಇಡೀ ಬಿಲ್ಡಿಂಗಿನದಾಗಿದ್ದ ಬೀರು ಆ ಕ್ಷಣಕ್ಕೆ ಪೂರ್ತಿ ನನ್ನದಾಯಿತು. ಓನರಮ್ಮ ಕೂಡ, "ಹೌದು, ಸಾರ್‌ದೇ" ಎಂದು ಸಾಕ್ಷಿ ನುಡಿದರು. ಕೊನೆಗೆ ಮಾವ ಒಂದು ನೋಟನ್ನು ಮಡಚಿ ತಮ್ಮ ಶರ್ಟಿನ ಜೇಬಿಗೆ ಹಾಕಿಕೊಂಡು, ಉಳಿದ ಹತ್ತನ್ನು ಅದೇ ಕರವಸ್ತ್ರದಲ್ಲಿ ಕಟ್ಟಿ ಲಾಕರಿಗೆ ವಾಪಸು ಇಟ್ಟರು. "ಅವಳ ದುಡ್ಡು ಅವಳ ಬೀರಲ್ಲೇ ಇರಲಿ." ಬೀಗದಕೈಯವನಿಗೆ ಆರುನೂರು ನಾನು ಕೊಟ್ಟೆ. ಅವನು ಹೊಸ ನೋಟೇ ಬೇಕೆಂದು ನೋಡಿ ಇಸಿದುಕೊಂಡ. ಅಂದು ರಾತ್ರಿ ಹೆಂಡತಿ ಆ ಮಡಚಿದ ಹಾಳೆ ಹೊರತೆಗೆದು, ನಾನು ಹೊಡೆದುಹಾಕಿದ್ದ ಸೊನ್ನೆಯನ್ನು ಏನೂ ಮಾತಾಡದೆ ಮತ್ತೆ ಬರೆದಳು.

ಶ್ರಾವಣ ಕಳೆದ ಮೇಲೆ ನೆಲಮಹಡಿಯ ಕೋಣೆಗೆ ಕಲಬುರಗಿಯ ಕಡೆಯ ಹುಡುಗನೊಬ್ಬ ಬಂದ. ಹೊಸ ಕೆಲಸ, ಒಂದು ಚೀಲ ಬಟ್ಟೆ, ಬೇರೇನಿಲ್ಲ. ಒಂದು ಸಂಜೆ ಮೇಲೆ ಬಂದು ಬಾಗಿಲಲ್ಲಿ ನಿಂತು, "ಸರ್ರೀ, ಕೆಳಗಿನ ಅಲಮಾರಿ ಫುಕ್ಕಟ್ ಕೊಡ್ಲತ್ತೀರಂತಲ್ರೀ? ಓನರ್ ಅಮ್ಮಾರು ಹೇಳ್ಯಾರ" ಎಂದ. ನೆಲಮಹಡಿ. ಮೆಟ್ಟಿಲಿಲ್ಲ. ಬಾಗಿಲು ಅಗಲ. ನಾನು ಅವನನ್ನು ಒಳಗೆ ಕರೆದು ಕೌದಿಯ ಮೇಲೆ ಕೂರಿಸಿ, ಭಜನಾ ಮಂಡಳಿಯ ಡಬರಿಯಲ್ಲಿ ಕಾಸಿದ ಕಾಫಿ ಕೊಟ್ಟೆ. ಬೀರಿನ ಜೊತೆ ಓವರ್‌ಕೋಟನ್ನೂ ಒಯ್ಯಬೇಕೆಂದು ಒಪ್ಪಿಸಿದೆ.

"ಬೀರು ಮಾತ್ರ ಮಾರಬೇಡಪ್ಪ," ಎಂದೆ. "ಬಣ್ಣ ಹೊಡಿಸಬೇಡ. ಬೆಳಗ್ಗೆ ಎಲ್ಲರೂ ತಲೆ ಬಾಚೋಕೆ ಬರ್ತಾರೆ, ಬಾಗಿಲು ತೆಗೆದಿಡು. ಮಲ್ಲೇಶ್ವರದಿಂದ ಹಿರಿಯರೊಬ್ಬರು ಆಗಾಗ ಬರ್ತಾರೆ, ಕಾಫಿ ಕೊಡು. ನಾನೂ ಬಂದು ನೋಡ್ಕೊಂಡು ಹೋಗ್ತೀನಿ."

ಫುಕ್ಕಟ್ ಎಂಬುದರ ಆಚೆಗಿನದು ಅವನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಎದ್ದು ಹೊರಟವನು ಬಾಗಿಲಲ್ಲಿ ತಿರುಗಿ, "ಲಾಕರ್‌ನಾಗ ಏನರೆ ಅದಾ ಏನ್ರೀ ಸರ್?" ಎಂದ.

"ಇದೆ," ಎಂದೆ. "ಕಾನೂನಿನ ಮಿತಿಯೊಳಗೇ ಇದೆ."